ಇಕಾಲಜಿಯ ಮೊದಲ ವರ್ಷ: ಪ್ರಾಣಿಗಿಂತ ಮೊದಲು ಪ್ರಶ್ನೆ

ಇಕಾಲಜಿಯಲ್ಲಿ ಎಂ.ಎಸ್ಸಿ.ಗೋ ಪಿಎಚ್.ಡಿ.ಗೋ ಸೇರಿದ ವಿದ್ಯಾರ್ಥಿಯನ್ನು ವಿಭಾಗದ ಹಿರಿಯರಿಂದ ಹಿಡಿದು ಮನೆಗೆ ಬಂದ ನೆಂಟರವರೆಗೆ ಎಲ್ಲರೂ ಮೊದಲು ಕೇಳುವುದು ಯಾವ ಪ್ರಾಣಿಯ ಮೇಲೆ ಕೆಲಸ ಮಾಡುತ್ತೀರಿ ಎಂದು. ಹುಲಿ, ಆನೆ, ಸಿಂಗಳೀಕ, ಮಂಗಟ್ಟೆ, ಕಪ್ಪೆ ಎಂದು ಉತ್ತರಗಳು ಬದಲಾಗುತ್ತವೆ; ಆದರೆ ಹಾಗೆ ಉತ್ತರಿಸುವ ಅಭ್ಯಾಸ ಬೇರೂರಿದರೆ ಮುಂದಿನ ನಾಲ್ಕೈದು ವರ್ಷಗಳ ಕೆಲಸ ಆ ಪ್ರಾಣಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂಡಿಹಾಕುವ ಕಡೆಗೆ ಜಾರುತ್ತದೆ. ಜೀವಿಗಳು ಎಲ್ಲಿವೆ, ಎಷ್ಟಿವೆ, ಅಲ್ಲೇ ಅಷ್ಟೇ ಏಕಿವೆ ಎಂದು ಕೇಳುವ ಶಾಸ್ತ್ರ ಇಕಾಲಜಿ. ಪ್ರಾಣಿ ಅದರಲ್ಲಿ ಉತ್ತರ ಹುಡುಕಲು ನೆರವಾಗುವ ಒಂದು ಆಯ್ಕೆ ಮಾತ್ರ. ಹೊಸಬರಿಗೆ ಈ ಶಾಸ್ತ್ರವನ್ನು ಪರಿಚಯಿಸುವ ಹೊಣೆ ಹೊತ್ತಿರುವ ನಮ್ಮ ವಿಶ್ವವಿದ್ಯಾಲಯಗಳು ಮೊದಲ ವರ್ಷವನ್ನು ಮಾಹಿತಿ ತುಂಬುವುದರಲ್ಲಿ ಕಳೆಯುತ್ತಿವೆ, ಪ್ರಶ್ನೆಯನ್ನು ಕಟ್ಟುವ ಕಸುಬಿಗೆ ಕೊಡಬೇಕಾದ ಸಮಯವನ್ನು ಕೊಡುತ್ತಿಲ್ಲ ಎಂಬುದು ಈ ಲೇಖನದ ವಾದ.

ಈ ಸ್ಥಿತಿಗೆ ಒಂದು ಹಿನ್ನೆಲೆಯಿದೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ್ದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಆದೇಶಿಸಿತು. ಅದರ ಮುಂದುವರಿಕೆಯಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ ಆರು ತಿಂಗಳ ಪಠ್ಯ ಎಲ್ಲ ಪದವಿ ಕಾಲೇಜುಗಳಿಗೂ ಬಂತು. ಆದೇಶದ ಉದ್ದೇಶ ಒಳ್ಳೆಯದೇ. ಆದರೆ ಮಾಲಿನ್ಯದ ವಿಧಗಳು, ಕಾಯ್ದೆಗಳ ಪಟ್ಟಿ, ಜಾಗತಿಕ ತಾಪಮಾನ, ಆಹಾರ ಸರಪಳಿಯ ಒಂದು ಚಿತ್ರ ಇವಿಷ್ಟನ್ನು ಪರೀಕ್ಷೆಗೆಂದು ಓದಿ ಪಾಸಾದವರಿಗೆ ತಮಗೆ ಈ ವಿಷಯ ಆಗಲೇ ಗೊತ್ತಿದೆ ಎಂಬ ಭಾವನೆ ಉಳಿದುಬಿಟ್ಟಿದೆ. ಪರಿಸರದ ಮೇಲಿನ ಕಾಳಜಿ ಬೇರೆ, ಅದನ್ನು ಅಳೆದು ಹೋಲಿಸಿ ತೀರ್ಮಾನಕ್ಕೆ ಬರುವ ಶಾಸ್ತ್ರ ಬೇರೆ ಎಂಬ ವ್ಯತ್ಯಾಸವನ್ನು ಆ ಪಠ್ಯ ಎಲ್ಲೂ ಹೇಳುವುದಿಲ್ಲ.

ಇನ್ನೊಂದು ಕಾರಣ ಗಣಿತ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೂರನ್ನು ಒಟ್ಟಿಗೆ ಓದುವ ಸಿಬಿಜೆಡ್ ಕಾಂಬಿನೇಷನ್ ಆರಿಸಿಕೊಂಡವರಲ್ಲಿ ಅನೇಕರು ಪಿಯುಸಿಯಲ್ಲೇ ಗಣಿತಕ್ಕೆ ಕೈಮುಗಿದವರು. ಸಿಎಸ್‌ಐಆರ್-ಯುಜಿಸಿ ನೆಟ್, ಅಂದರೆ ಸಂಶೋಧನಾ ಫೆಲೋಶಿಪ್ಪಿಗೂ ಅಧ್ಯಾಪಕ ಹುದ್ದೆಗೂ ಅರ್ಹತೆ ನೀಡುವ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆಯ 13 ಘಟಕಗಳಲ್ಲಿ ಇಕಾಲಜಿಯ ತತ್ವಗಳಿಗೆ ಮೀಸಲಾದದ್ದು ಒಂದೇ ಘಟಕ. ಅಷ್ಟನ್ನು ಬಾಯಿಪಾಠ ಮಾಡಿ ಫೆಲೋಶಿಪ್ ಪಡೆದು ಬಂದವರು ಸಂಖ್ಯಾಶಾಸ್ತ್ರದ ಮೊದಲ ತರಗತಿಯಲ್ಲಿ ಕಂಗಾಲಾಗುತ್ತಾರೆ. ಇದೇ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರದಂಥ ಕಡೆ ಎಂಜಿನಿಯರಿಂಗ್ ಓದಿದವರೂ ಬಂದು ಸೇರುತ್ತಾರೆ. ಅವರಿಗೆ ಸಮೀಕರಣ ಗೊತ್ತು, ಹೊನ್ನೆ ಮರಕ್ಕೂ ಮತ್ತಿ ಮರಕ್ಕೂ ಇರುವ ವ್ಯತ್ಯಾಸ ಗೊತ್ತಿರುವುದಿಲ್ಲ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದಾಗ ಒಬ್ಬರಿಂದೊಬ್ಬರು ಕಲಿಯುವುದು ಬಹಳವಿದೆ. ರಾಜ್ಯ ವಿಶ್ವವಿದ್ಯಾಲಯಗಳ ಪ್ರವೇಶ ನಿಯಮಗಳು ಸಾಮಾನ್ಯವಾಗಿ ಅದಕ್ಕೆ ಅವಕಾಶ ಕೊಡುವುದಿಲ್ಲ.

ಪ್ರಶ್ನೆ ಕಟ್ಟುವುದೆಂದರೇನು ಎಂಬುದನ್ನು ವಿವರಿಸಲು ನಮ್ಮ ನಾಡಿನಲ್ಲೇ ನಡೆದ ಹುಲಿ ಎಣಿಕೆಯ ಕಥೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ದಶಕಗಳ ಕಾಲ ಭಾರತದಲ್ಲಿ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸಲಾಗುತ್ತಿತ್ತು. ಅರಣ್ಯ ಸಿಬ್ಬಂದಿ ಕೆಲವು ದಿನ ಕಾಡನ್ನೆಲ್ಲ ಸುತ್ತಿ, ಮಣ್ಣಿನಲ್ಲಿ ಕಂಡ ಹೆಜ್ಜೆಯ ಅಚ್ಚು ತೆಗೆದು, ಪ್ರತಿ ಅಚ್ಚನ್ನೂ ಒಂದೊಂದು ಹುಲಿಗೆ ಹೊಂದಿಸಿ ಒಟ್ಟು ಲೆಕ್ಕ ಕೊಡುತ್ತಿದ್ದರು. ಈ ಕ್ರಮದಲ್ಲಿ ಎರಡು ನಂಬಿಕೆಗಳು ಅಡಗಿದ್ದವು: ಕಾಡಿನಲ್ಲಿರುವ ಪ್ರತಿ ಹುಲಿಯ ಹೆಜ್ಜೆಯೂ ಸಿಗುತ್ತದೆ ಎಂಬುದು ಒಂದು, ಸಿಕ್ಕ ಹೆಜ್ಜೆ ಯಾವ ಹುಲಿಯದೆಂದು ತಪ್ಪಿಲ್ಲದೆ ಹೇಳಬಹುದು ಎಂಬುದು ಇನ್ನೊಂದು. ಎರಡನ್ನೂ ಯಾರೂ ಪರೀಕ್ಷಿಸಿರಲಿಲ್ಲ. ಗಟ್ಟಿ ನೆಲದಲ್ಲಿ, ಎಲೆ ಹಾಸಿದ ದಾರಿಯಲ್ಲಿ ಹೆಜ್ಜೆ ಮೂಡುವುದೇ ಇಲ್ಲ. ಒಂದೇ ಹುಲಿಯ ಹೆಜ್ಜೆ ಒದ್ದೆ ಮಣ್ಣಿನಲ್ಲಿ ಒಂದು ಬಗೆ, ಒಣ ಧೂಳಿನಲ್ಲಿ ಇನ್ನೊಂದು ಬಗೆ.

1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ಬೇರೆಯೇ ದಾರಿ ಹಿಡಿದರು. ಒಂದು ಹುಲಿಯ ಮೈಮೇಲಿನ ಪಟ್ಟೆ ಇನ್ನೊಂದರದ್ದರಂತೆ ಇರುವುದಿಲ್ಲವಾದ್ದರಿಂದ ಚಿತ್ರದಿಂದ ಹುಲಿಯನ್ನು ಗುರುತಿಸಬಹುದು. ಆದರೆ ಆ ಕೆಲಸದ ತಿರುಳು ಕ್ಯಾಮೆರಾ ಅಲ್ಲ, ಅದರ ಹಿಂದಿನ ತರ್ಕ. ಕಲ್ಪನೆಗೆ ಒಂದು ಉದಾಹರಣೆ ತೆಗೆದುಕೊಳ್ಳೋಣ: ಮೊದಲ ಸುತ್ತಿನಲ್ಲಿ 20 ಹುಲಿಗಳು ಕ್ಯಾಮೆರಾದಲ್ಲಿ ಸೆರೆಸಿಕ್ಕವು, ಎರಡನೆಯ ಸುತ್ತಿನಲ್ಲಿ ಮತ್ತೆ 20 ಸಿಕ್ಕವು, ಈ ಎರಡನೆಯ ಇಪ್ಪತ್ತರಲ್ಲಿ 10 ಮೊದಲೇ ಕಂಡಿದ್ದವು. ಹಾಗಾದರೆ ಮೊದಲ ಸುತ್ತಿನಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಸುಮಾರು ಅರ್ಧದಷ್ಟು ಮಾತ್ರ, ಒಟ್ಟು ಸಂಖ್ಯೆ ಹೆಚ್ಚುಕಡಿಮೆ 40. ಕಂಡದ್ದನ್ನು ಎಣಿಸುವುದರ ಜೊತೆಗೆ ಕಾಣದೆ ಉಳಿದದ್ದು ಎಷ್ಟಿರಬಹುದೆಂದು ಅಂದಾಜಿಸುವುದು, ಆ ಅಂದಾಜಿನಲ್ಲಿ ಎಷ್ಟು ಅನಿಶ್ಚಿತತೆಯಿದೆ ಎಂಬುದನ್ನೂ ಹೇಳುವುದು ಈ ವಿಧಾನದ ಶಕ್ತಿ. ಈ ಕುರಿತ ಕಾರಂತರ ಸಂಶೋಧನಾ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಸರ್ಕಾರಿ ವ್ಯವಸ್ಥೆ ಹೆಜ್ಜೆಗುರುತನ್ನು ಕೈಬಿಡಲು ಇನ್ನೂ ಒಂದು ದಶಕ ಬೇಕಾಯಿತು. ಕಡತದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾಗಬೇಕಾಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ, ವಿದ್ಯಾರ್ಥಿಗೆ ಬೇಕಾದ ಭಾಗ ಮುಂದಿದೆ. 2002ರ ಹಳೆಯ ಎಣಿಕೆ ದೇಶದಲ್ಲಿ 3,642 ಹುಲಿಗಳಿವೆ ಎಂದಿತ್ತು. ಹೊಸ ಕ್ರಮದಲ್ಲಿ 2006ರಲ್ಲಿ ನಡೆದ ಅಂದಾಜು 1,411 ಎಂದಿತು. ನಾಲ್ಕೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಲಿಗಳು ಸತ್ತವು ಎಂಬ ಅರ್ಥ ಬರುವಂತೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡುವುದು ರೂಢಿಯಾಯಿತು. ಎರಡು ಬೇರೆ ಅಳತೆಗೋಲುಗಳಿಂದ ಬಂದ ಅಂಕಿಗಳನ್ನು ಒಂದರಿಂದೊಂದು ಕಳೆದು ಸಿಗುವ ಉತ್ತರ ಹುಲಿಗಳ ಬಗ್ಗೆ ಏನನ್ನೂ ಹೇಳಲಾರದು. ಕುಸಿತ ನಿಜವಾಗಿಯೂ ಆಗಿದ್ದರೂ ಅದರ ಗಾತ್ರ ಆ ಕಳೆಯುವ ಲೆಕ್ಕದಿಂದ ದೊರೆಯದು. ಮೊದಲ ವಾರದಲ್ಲಿಯೇ ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಇವುಗಳಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಲಾಗದು ಎಂದು ಒಂದು ಗಂಟೆ ಚರ್ಚಿಸಿದರೆ, ಜೀವಿಸಂಖ್ಯೆಯ ಕುರಿತ ಇಡೀ ಅಧ್ಯಾಯಕ್ಕಿಂತ ಹೆಚ್ಚು ಕಲಿಸಿದಂತಾಗುತ್ತದೆ.

ಎರಡನೆಯ ಪಾಠ ಹೋಲಿಕೆಯದು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ದೊಡ್ಡ ಬೆಂಕಿ ಬಿತ್ತು. ಬೆಂಕಿ ಸಸಿಗಳ ಮೇಲೆ ಏನು ಪರಿಣಾಮ ಮಾಡಿತೆಂದು ತಿಳಿಯಲು ಒಬ್ಬ ವಿದ್ಯಾರ್ಥಿ ಸುಟ್ಟ ಜಾಗದಲ್ಲಿ 40 ಚೌಕಗಳನ್ನೂ ಸುಡದ ಜಾಗದಲ್ಲಿ 40 ಚೌಕಗಳನ್ನೂ ಗುರುತಿಸಿ ಸಸಿಗಳನ್ನು ಎಣಿಸಿದನೆಂದು ಇಟ್ಟುಕೊಳ್ಳಿ. ಒಟ್ಟು 80 ಅಳತೆಗಳು. ಕಂಪ್ಯೂಟರಿಗೆ ಹಾಕಿದರೆ ವ್ಯತ್ಯಾಸ ಖಂಡಿತವಾಗಿದೆ ಎಂಬ ಉತ್ತರ ಬರಬಹುದು. ಆದರೆ ಸುಟ್ಟ ಜಾಗ ಒಂದೇ, ಸುಡದ ಜಾಗವೂ ಒಂದೇ. ಸುಟ್ಟ ಜಾಗ ಮೊದಲಿನಿಂದಲೂ ಒಣಗಿದ್ದ ದಿಣ್ಣೆಯಾಗಿರಬಹುದು, ಅಲ್ಲಿ ಜಾನುವಾರು ಹೆಚ್ಚು ಮೇದಿರಬಹುದು. ಹಾಗಾಗಿ ಬೆಂಕಿಯ ಬಗ್ಗೆ ಹೇಳಲು ಅವನ ಬಳಿ ಇರುವುದು ಎಂಬತ್ತು ಸಾಕ್ಷಿಗಳಲ್ಲ, ತಲಾ ಒಂದೊಂದು. ಅಮೆರಿಕದ ಇಕಾಲಜಿ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ದೋಷವನ್ನು ಹೆಸರಿಟ್ಟು ತೋರಿಸಿದರು. ಅವರು ಪರಿಶೀಲಿಸಿದ 176 ಪ್ರಾಯೋಗಿಕ ಅಧ್ಯಯನಗಳಲ್ಲಿ ಶೇ 27ರಷ್ಟರಲ್ಲಿ ಈ ತಪ್ಪಿತ್ತು. ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸಿದವುಗಳನ್ನಷ್ಟೇ ತೆಗೆದುಕೊಂಡರೆ ಶೇ 48ರಲ್ಲಿ. ಅವೆಲ್ಲ ಪ್ರಕಟಗೊಂಡ ಪ್ರಬಂಧಗಳೆಂಬುದನ್ನು ಗಮನಿಸಬೇಕು. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ಎಂಬ ಉಚಿತ ತಂತ್ರಾಂಶ ಇಂದು ಎಲ್ಲರ ಲ್ಯಾಪ್‌ಟಾಪಿನಲ್ಲಿದೆ, ಅದನ್ನು ಕಲಿಸುವ ಕಾರ್ಯಾಗಾರಗಳಿಗೂ ಕೊರತೆಯಿಲ್ಲ. ಆದರೆ ಚೌಕಗಳನ್ನು ಎಲ್ಲಿ ಹಾಕಬೇಕು ಎಂಬ ನಿರ್ಧಾರವನ್ನು ಯಾವ ತಂತ್ರಾಂಶವೂ ಮಾಡಿಕೊಡದು, ಕಾಡಿನಿಂದ ಮರಳಿ ಬಂದ ಮೇಲೆ ಅದನ್ನು ತಿದ್ದಲೂ ಆಗದು.

ಪ್ರಶ್ನೆ ಎಲ್ಲಿಂದ ಹುಟ್ಟಬೇಕು ಎಂಬುದು ಇನ್ನೂ ಕುತೂಹಲದ ಸಂಗತಿ. ಅಂತರರಾಷ್ಟ್ರೀಯ ಪತ್ರಿಕೆಗಳನ್ನು ಓದಿ ಅಲ್ಲಿಯ ಚರ್ಚೆಯಿಂದ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಒಂದು ದಾರಿ, ಅದು ಬೇಕು. ಆದರೆ ಕರ್ನಾಟಕದಲ್ಲಿ ಈ ಶಾಸ್ತ್ರ ಬೆಳೆದ ಬಗೆಯಲ್ಲಿ ಇನ್ನೊಂದು ದಾರಿಯೂ ಕಾಣುತ್ತದೆ. ಹಾರ್ವರ್ಡ್‌ನಲ್ಲಿ ಗಣಿತದ ಮಾದರಿಗಳನ್ನು ಅಭ್ಯಾಸ ಮಾಡಿ ಬಂದಿದ್ದ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಉತ್ತರ ಕನ್ನಡದ ಬಿದಿರಿನ ಅಧ್ಯಯನಕ್ಕೆ ಇಳಿದರು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಅಲ್ಪ ಬೆಲೆಗೆ ಬಿದಿರು ಹೋಗುತ್ತಿತ್ತು, ಕಾಡಿನಲ್ಲಿ ಬಿದಿರು ಕರಗುತ್ತಿತ್ತು. ಜಾನುವಾರು ಮೇಯಿಸುವ ಹಳ್ಳಿಗರೇ ಕಾರಣ ಎಂಬ ದೂರೂ ಇತ್ತು. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳುಕೊಂಬೆಗಳನ್ನು ಸವರಿದರೆ ಹೊಸ ಗಳಗಳು ಚೆನ್ನಾಗಿ ಬರುತ್ತವೆ ಎಂದು ಅರಣ್ಯ ನಿರ್ವಹಣೆಯ ಕೈಪಿಡಿ ವಿಧಿಸುತ್ತಿತ್ತು. ಹಳ್ಳಿಯವರು ಹೇಳಿದ್ದು ಅದಕ್ಕೆ ತದ್ವಿರುದ್ಧ: ಆ ಮುಳ್ಳು ಇರುವುದರಿಂದಲೇ ಕಳಲೆ ಉಳಿಯುತ್ತದೆ, ಮುಳ್ಳು ತೆಗೆದರೆ ದನವೂ ಕಾಡುಪ್ರಾಣಿಗಳೂ ಎಳೆಯ ಕಳಲೆಯನ್ನು ಮುಗಿಸುತ್ತವೆ. ಸವರಿದ ಮೆಳೆಗಳನ್ನೂ ಸವರದ ಮೆಳೆಗಳನ್ನೂ ಹೋಲಿಸಿದಾಗ ಹಳ್ಳಿಗರ ಮಾತೇ ಸರಿಯೆಂದು ತಿಳಿಯಿತು.

ಈ ಪ್ರಸಂಗವನ್ನು ಜನಪದರ ಜಾಣ್ಮೆಯ ಹೊಗಳಿಕೆಯಾಗಿ ಮಾತ್ರ ಹೇಳುವವರಿದ್ದಾರೆ. ಅದು ಅರ್ಧ ಪಾಠ. ಹಳ್ಳಿಗರ ಮಾತು ಪರೀಕ್ಷಿಸಬಹುದಾದ ಊಹೆಯ ರೂಪದಲ್ಲಿತ್ತು, ಸಂಶೋಧಕರು ಅದನ್ನು ಪರೀಕ್ಷಿಸಿದರು ಎಂಬುದು ಉಳಿದರ್ಧ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಲಂಟಾನವೆಂಬ ಕಳೆಗಿಡದ ಬಗ್ಗೆ ಹೇಳುವ ಮಾತನ್ನೂ ಹೀಗೆಯೇ ನೋಡಬೇಕು. ಬೇಸಿಗೆಯ ಆರಂಭದಲ್ಲಿ ತಾವು ಹಚ್ಚುತ್ತಿದ್ದ, ಒಣ ತರಗೆಲೆಯನ್ನು ಸುಡುವ ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಇಡೀ ಕಾಡನ್ನು ಆವರಿಸಿತು, ನೆಲ್ಲಿಮರಗಳ ಮೇಲೆ ಬಂದಳಿಕೆಯೂ ಹೆಚ್ಚಿತು ಎಂದು ಅವರು ಹೇಳುತ್ತಾರೆ. ಅಶೋಕ ಟ್ರಸ್ಟ್, ಅಂದರೆ ಏಟ್ರೀ ಸಂಸ್ಥೆಯ ಸಂಶೋಧಕರು ಈ ವಿವರಣೆಯನ್ನು ಗಂಭೀರವಾಗಿ ತೆಗೆದುಕೊಂಡು ಅಲ್ಲಿಯೇ ದೀರ್ಘಕಾಲ ಕೆಲಸ ಮಾಡಿದ್ದಾರೆ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತ ಮೇಲೆ ಈ ಚರ್ಚೆಗೆ ಕಾನೂನಿನ ಆಯಾಮವೂ ಸೇರಿದೆ. ಆಡುಮಾತನ್ನು ಅರಿತ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಸೆಮಿನಾರಿನಲ್ಲಿ ಇಂಗ್ಲಿಷಿಗೆ ತಡವರಿಸುವ ಹುಡುಗಿ ಪೋಡಿನ, ಅಂದರೆ ಸೋಲಿಗರ ಹಾಡಿಯ, ಜಗಲಿಯಲ್ಲಿ ಕುಳಿತು ಕೇಳಬಲ್ಲ ಪ್ರಶ್ನೆಯನ್ನು ಅವಳ ಸಹಪಾಠಿಗಳು ದುಭಾಷಿಯ ಮೂಲಕವೂ ಕೇಳಲಾರರು. ಈ ಅನುಕೂಲವನ್ನು ಯಾವ ವಿಭಾಗವೂ ಅಂಕಪಟ್ಟಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊಸಬರನ್ನು ಕಾಡುವ, ಆದರೆ ಯಾರೂ ಬಿಡಿಸಿ ಹೇಳದ ತೊಡಕು ಕಾಲದ್ದು. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಮರಗಳಿಗೆ ಈ ನಿಯಮಾವಳಿ ಅನ್ವಯಿಸುವುದಿಲ್ಲ. ಬಂಡೀಪುರಕ್ಕೆ ಅಂಟಿಕೊಂಡಿರುವ ತಮಿಳುನಾಡಿನ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರ ತಂಡ 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿ, 1 ಸೆಂಟಿಮೀಟರಿಗಿಂತ ದಪ್ಪನೆಯ ಪ್ರತಿ ಮರ, ಪೊದೆಯ ಕಾಂಡಕ್ಕೂ ಸಂಖ್ಯೆ ಕೊಟ್ಟಿತು. ಅಂದಿನಿಂದ ಪ್ರತಿವರ್ಷ ಯಾವುದು ಸತ್ತಿತು, ಯಾವುದು ಹೊಸದಾಗಿ ಆ ಗಾತ್ರಕ್ಕೆ ಬಂತು ಎಂಬ ದಾಖಲೆ ನಡೆದಿದೆ. ನಾಲ್ಕು ವರ್ಷಗಳಿಗೊಮ್ಮೆ ಎಲ್ಲ ಮರಗಳ ಸುತ್ತಳತೆ ತೆಗೆಯಲಾಗುತ್ತದೆ. ಆನೆಗಳು ಮುರಿದು ತಿನ್ನುವ ಕೈಡಿಯಾ ಎಂಬ ಜಾತಿಯ ಮರಗಳು ಮೊದಲ ಕೆಲವು ವರ್ಷಗಳಲ್ಲಿ ತೀವ್ರವಾಗಿ ಕುಸಿದದ್ದು, ಬೆಂಕಿ ಬಿದ್ದ ವರ್ಷಗಳಲ್ಲಿ ಸಣ್ಣ ಗಿಡಗಳು ಸತ್ತು ದೊಡ್ಡ ಮರಗಳು ಉಳಿದದ್ದು ಇವೆಲ್ಲ ಹೀಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದದ್ದರಿಂದ ತಿಳಿದ ಸಂಗತಿಗಳು. ಒಬ್ಬ ವಿದ್ಯಾರ್ಥಿಯ ಅವಧಿಯಲ್ಲಿ ಇದರ ಒಂದು ತುಣುಕು ಮಾತ್ರ ಕಾಣುತ್ತದೆ. ಎರಡು ಮಳೆಗಾಲಗಳ ದಾಖಲೆಯಿಟ್ಟುಕೊಂಡು ಹವಾಮಾನ ಬದಲಾವಣೆಯ ಪರಿಣಾಮ ಎಂದು ಶೀರ್ಷಿಕೆ ಕೊಡುವ ಪ್ರಬಂಧಗಳು ನಮ್ಮಲ್ಲಿ ಹೆಚ್ಚುತ್ತಿವೆ. ಮಾರ್ಗದರ್ಶಕರು ಅದನ್ನು ಮೊದಲ ವರ್ಷದಲ್ಲೇ ತಡೆಯಬೇಕು.

ಕಾಲದ ಜೊತೆಗೇ ಜಾಗದ ಪ್ರಶ್ನೆ ಬರುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅಧ್ಯಯನಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಮಲ್ಲೇಶ್ವರದ ಅರಣ್ಯ ಭವನಕ್ಕೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾದು, ಅಷ್ಟರಲ್ಲಿ ಒಂದು ಋತುವನ್ನೇ ಕಳೆದುಕೊಂಡವರು ಪ್ರತಿ ತಂಡದಲ್ಲೂ ಸಿಗುತ್ತಾರೆ. ಕಾಯ್ದೆಯ ಉದ್ದೇಶವನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತೆಂದರೆ, ಎಲ್ಲರೂ ಹುಲಿ ಮೀಸಲಿಗೇ ಹೋಗಬೇಕಾದ ಅಗತ್ಯವಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವು ಕೆಲವೇ ಗುಂಟೆಯವು, ಕೆಲವು ಹತ್ತಾರು ಎಕರೆಯವು, ಸುತ್ತ ಕಾಫಿ ತೋಟ. ಕಾಡಿನ ತುಣುಕು ಚಿಕ್ಕದಾದಷ್ಟೂ ಅಲ್ಲಿನ ಜೀವಿಗಳು ಹೇಗೆ ಬದಲಾಗುತ್ತವೆ ಎಂದು ಕೇಳುವವನಿಗೆ, ಬಂಡೀಪುರದ ಬೆಂಕಿಯ ಉದಾಹರಣೆಯಲ್ಲಿ ಸಿಗದೆ ಹೋದ ಹಲವು ಸ್ವತಂತ್ರ ಸಾಕ್ಷಿಗಳು ಇಲ್ಲಿ ಸಿದ್ಧವಾಗಿವೆ. ಊರವರ ಒಪ್ಪಿಗೆ, ಒಳಗೆ ಚಪ್ಪಲಿ ಹಾಕಬಾರದೆಂಬಂಥ ಕಟ್ಟಳೆಗಳಿಗೆ ಗೌರವ ಬೇಕು ಎಂಬುದು ಬೇರೆ ಮಾತು. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ, ಬೆಟ್ಟ ಎಂದು ಕರೆಯುವ ಕಾಡುಜಾಗಗಳಿವೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ; ಒಂದು ಬೆಟ್ಟದಲ್ಲಿ ಹಿತಮಿತವಾಗಿ ಸೊಪ್ಪು ಕಡಿದಿದ್ದರೆ ಪಕ್ಕದ ಬೆಟ್ಟ ಬೋಳಾಗಿದೆ. ಹೋಲಿಸಲು ಇದಕ್ಕಿಂತ ಏನು ಬೇಕು?

ಬಯಲುಸೀಮೆಯನ್ನು ನಮ್ಮ ಇಕಾಲಜಿ ಮರೆತಿದೆ ಎಂದರೆ ಅತಿಶಯೋಕ್ತಿಯಾಗದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಹುಲ್ಲುಗಾವಲಿನ ಪ್ರಾಣಿಗಾಗಿ ಇರುವ ಜಾಗ; ಅಲ್ಲಿನ ಹೆಚ್ಚಿನ ಭಾಗದಲ್ಲಿ ನೀಲಗಿರಿ ನೆಡಲಾಗಿತ್ತು. ಮರವಿಲ್ಲದ ನೆಲ ಪಾಳು ಎಂಬ ಆಡಳಿತದ ತಿಳಿವಳಿಕೆ ಇದರ ಹಿಂದಿದೆ. ಒಂದು ಕಾಲಕ್ಕೆ ಆ ಬಯಲಿನಲ್ಲಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಕರ್ನಾಟಕದಲ್ಲಿ ಕಾಣುವುದೇ ಅಪರೂಪ. ಧಾರವಾಡ, ಕಲಬುರಗಿ, ಬಳ್ಳಾರಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಪಶ್ಚಿಮ ಘಟ್ಟಕ್ಕೆ ಬಸ್ಸು ಹತ್ತುವ ಬದಲು ತಮ್ಮ ಬಾಗಿಲಲ್ಲೇ ಇರುವ ಗೋಮಾಳ, ಎರೆ ಹೊಲ, ಕೆರೆಯಂಗಳಗಳಲ್ಲಿ ಕೆಲಸ ಮಾಡಿದರೆ ಖರ್ಚೂ ಉಳಿಯುತ್ತದೆ, ವರ್ಷವಿಡೀ ಅಳತೆಗೆ ಹೋಗಿಬರಲೂ ಆಗುತ್ತದೆ. ಖರ್ಚಿನ ಮಾತು ಸಣ್ಣದಲ್ಲ. ನೆಟ್ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಅದು ಸಿಗದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ರಜೆಯಲ್ಲಿ ಮಾತ್ರ ಕಾಡಿಗೆ ಹೋಗುವ ಸ್ಥಿತಿಯಲ್ಲಿದ್ದಾರೆ. ಬೇಸಿಗೆ ರಜೆಯಲ್ಲಷ್ಟೇ ಮಾಡಿದ ಪಕ್ಷಿಗಣತಿ ಚಳಿಗಾಲದ ವಲಸೆ ಹಕ್ಕಿಗಳ ಬಗ್ಗೆ ಏನೂ ಹೇಳದು ಎಂಬುದನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಇದೆ. ಎರಡು ವರ್ಷಗಳಿಗೊಮ್ಮೆ ಸಣ್ಣ ತಂಡವೊಂದನ್ನು ಮಾತ್ರ ತೆಗೆದುಕೊಂಡು, ಅವರನ್ನು ಬೇರೆ ಬೇರೆ ಭೂಪ್ರದೇಶಗಳಿಗೆ ಕರೆದೊಯ್ದು ಅಲ್ಲಿಯೇ ವಿಧಾನಗಳನ್ನು ಕಲಿಸುವುದು ಅದರ ಕ್ರಮ. ಇದನ್ನು ಎಲ್ಲೆಡೆ ನಕಲು ಮಾಡಲು ಹಣವಿಲ್ಲ ಎಂಬ ಉತ್ತರ ಕೂಡಲೇ ಬರುತ್ತದೆ, ಅದು ನಿಜವೂ ಹೌದು. ಆದರೆ 2022ರ ನಿಯಮಾವಳಿ ಪಿಎಚ್.ಡಿ. ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್‌ಗಳನ್ನು ಕಡ್ಡಾಯ ಮಾಡಿದೆ. ಇವುಗಳಲ್ಲಿ ಸಂಶೋಧನಾ ನೀತಿಯ ಭಾಗವನ್ನು ಬಿಟ್ಟರೆ ಉಳಿದದ್ದನ್ನು ಹೇಗೆ ಬಳಸಬೇಕೆಂಬ ಸ್ವಾತಂತ್ರ್ಯ ವಿಭಾಗಗಳಿಗೆ ಬಹುಮಟ್ಟಿಗೆ ಇದೆ. ಈಗ ಅವು ಎಂ.ಎಸ್ಸಿ.ಯಲ್ಲಿ ಓದಿದ್ದನ್ನೇ ಇನ್ನೊಮ್ಮೆ ಓದಿ ಬರೆಯುವ ಪರೀಕ್ಷೆಯಾಗಿ ವ್ಯರ್ಥವಾಗುತ್ತಿವೆ.

ಆ ಹನ್ನೆರಡರಲ್ಲಿ ನಾಲ್ಕು ಕ್ರೆಡಿಟ್‌ಗಳನ್ನು ಹಳೆಯ ಅಧ್ಯಯನವೊಂದನ್ನು ಮತ್ತೆ ಮಾಡುವುದಕ್ಕೆ ಮೀಸಲಿಡಬಹುದು. ಹಲವು ದಶಕಗಳ ಹಿಂದಿನ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳು ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಯಾವ ಕೆರೆಯಲ್ಲಿ ಯಾವ ಹಕ್ಕಿ ಎಷ್ಟಿತ್ತು, ಯಾವ ಗುಡ್ಡದಲ್ಲಿ ಯಾವ ಮರಗಳಿದ್ದವು ಎಂಬ ಪಟ್ಟಿಗಳು ಅವುಗಳ ಅನುಬಂಧಗಳಲ್ಲಿವೆ. ಹೊಸ ವಿದ್ಯಾರ್ಥಿ ಅವುಗಳಲ್ಲೊಂದನ್ನು ಆರಿಸಿ, ಅದೇ ಜಾಗಕ್ಕೆ ಅದೇ ತಿಂಗಳಲ್ಲಿ ಹೋಗಿ, ಅದೇ ವಿಧಾನದಿಂದ ಅಳೆಯಬೇಕು. ಹಳೆಯ ಸಂಶೋಧಕ ಎಷ್ಟು ಹೊತ್ತು ನಿಂತು ಎಣಿಸಿದ, ಯಾವ ದಂಡೆಯಿಂದ ನೋಡಿದ ಎಂಬುದು ಬರೆದಿಲ್ಲದಿದ್ದರೆ ಹೋಲಿಕೆ ಎಷ್ಟು ಕಷ್ಟವೆಂಬುದು ಆಗ ತಾನಾಗಿ ಅರಿವಾಗುತ್ತದೆ. ಕಡಿಮೆ ಹಕ್ಕಿ ಕಂಡರೆ ಹಕ್ಕಿ ಕಡಿಮೆಯಾಯಿತೇ, ನೋಡುವ ಬಗೆ ಬದಲಾಯಿತೇ ಎಂಬ, ಹುಲಿ ಎಣಿಕೆಯಲ್ಲಿ ಎದ್ದ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ. ಕೆಲಸ ಮುಗಿದ ಮೇಲೆ ಜಾಗದ ಜಿಪಿಎಸ್ ಅಂಕಿಗಳು, ದಿನಾಂಕ, ವೇಳೆ, ವಿಧಾನದ ವಿವರಗಳೊಂದಿಗೆ ಮೂಲ ಅಳತೆಯ ಹಾಳೆಗಳನ್ನು ವಿಭಾಗದಲ್ಲೇ ಜಮಾ ಮಾಡಿಸಿಕೊಳ್ಳಬೇಕು, ಅದಿಲ್ಲದೆ ಕ್ರೆಡಿಟ್ ಕೊಡಬಾರದು. ಮುಂದಿನ ತಂಡದವರು ಅದೇ ಕೆರೆಗೆ ಹೋಗುವಾಗ ಅವರ ಕೈಯಲ್ಲಿ ಎರಡು ಕಾಲಘಟ್ಟಗಳ ದಾಖಲೆ ಇರುತ್ತದೆ, ಅದಕ್ಕೆ ಪ್ರತ್ಯೇಕ ಅನುದಾನವನ್ನೂ ಕೇಳಬೇಕಾಗುವುದಿಲ್ಲ.